ಇಬ್ಬರು ನಡೆದ ದಾರಿಯ ನೀಲಿ

ಆ ನೀಲಿಗೆ ಮಿರುಗಿಲ್ಲ. ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ನಿಕೊಲಾಯ್ ರೋರಿಕ್ ಅವರ ಹಿಮಾಲಯದ ಚಿತ್ರಗಳ ಮುಂದೆ ನಿಂತಾಗ ಮೊದಲು ಮನಸ್ಸಿಗೆ ಹತ್ತುವುದು ಇದು. ಎಣ್ಣೆಬಣ್ಣದ ಚಿತ್ರವಾದರೆ ದೀಪದ ಬೆಳಕು ಅದರ ಮೈಮೇಲೆ ಮಿನುಗುತ್ತದೆ. ಅತ್ತಿತ್ತ ಸರಿದು, ಕತ್ತು ವಾಲಿಸಿ, ಆ ಮಿನುಗನ್ನು ತಪ್ಪಿಸಿಕೊಂಡು ನೋಡಬೇಕು. ರೋರಿಕ್ ಅವರ ಬೆಟ್ಟ ಬೆಳಕನ್ನು ಒಳಗೆ ಎಳೆದುಕೊಂಡು ಸುಮ್ಮನಿರುತ್ತದೆ. ಎಲ್ಲಿ ನಿಂತರೂ ಅದೇ ನೀಲಿ, ಅದೇ ದೂರ.

ಇದಕ್ಕೆ ಕಾರಣ ಟೆಂಪೆರಾ. ಬಣ್ಣದ ಪುಡಿಯನ್ನು ಎಣ್ಣೆಯ ಬದಲು ಮೊಟ್ಟೆಯ ಹಳದಿಯಲ್ಲೋ ಅಂಟಿನಲ್ಲೋ ಕಲಸಿ ಹಚ್ಚುವ ಹಳೆಯ ಕ್ರಮ ಅದು. ರಷ್ಯಾದ ಚರ್ಚುಗಳ ಪಟಗಳನ್ನು ಬರೆದವರದು ಇದೇ ಕ್ರಮ. ನಮ್ಮ ಮೈಸೂರು ಶೈಲಿಯ ಚಿತ್ರಗಾರರು ಕಲ್ಲುಮಣ್ಣಿನ ಬಣ್ಣವನ್ನು ಗೋಂದಿನಲ್ಲಿ ಕಲಸುತ್ತಿದ್ದದ್ದೂ ಇದಕ್ಕೆ ತೀರ ದೂರದ್ದಲ್ಲ. 1874ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ರೋರಿಕ್ ಮೊದಲು ಎಣ್ಣೆಬಣ್ಣದಲ್ಲೇ ಕೈ ಪಳಗಿಸಿಕೊಂಡವರು. ಕಳೆದ ಶತಮಾನದ ಮೊದಲ ದಶಕದಲ್ಲೇ ಅದನ್ನು ಬಿಟ್ಟು ಟೆಂಪೆರಾಕ್ಕೆ ಹೊರಳಿದರು. ಈ ಬಣ್ಣ ಬೇಗ ಒಣಗುತ್ತದೆ, ತಿದ್ದಿ ತೀಡಲು ಬಿಡುವು ಕೊಡುವುದಿಲ್ಲ. ಹಾಗಾಗಿ ಬೆಟ್ಟದ ಸಾಲುಗಳು ಒಂದರ ಹಿಂದೊಂದು ಚಪ್ಪಟೆ ಪದರಗಳಾಗಿ ನಿಲ್ಲುತ್ತವೆ. ಹತ್ತಿರದ ಸಾಲು ಕಪ್ಪುನೀಲಿ, ಅದರ ಹಿಂದಿನದು ನೇರಳೆ, ಅದಕ್ಕೂ ಆಚೆ ತಿಳಿಹಸಿರು ಬೆರೆತ ಆಕಾಶ. ನಡುವೆ ಮಂಜಿನ ಒಂದೇ ಒಂದು ಪಟ್ಟಿ ಎಳೆದರೆ ಸಾಕು, ಶಿಖರಕ್ಕೆ ಬುಡವೇ ಇಲ್ಲದಂತಾಗಿ ಅದು ಆಕಾಶದ ಪಾಲಾಗುತ್ತದೆ. ಬಂಡೆಯ ಬಿರುಕು, ಹಿಮದ ಸುಕ್ಕು ಎಂದು ವಿವರಗಳನ್ನು ಹುಡುಕುವವರಿಗೆ ಇಲ್ಲಿ ಹೆಚ್ಚೇನೂ ಸಿಗದು. 1961ರಲ್ಲಿ ಬಾಹ್ಯಾಕಾಶಕ್ಕೆ ಹೋಗಿಬಂದ ಯೂರಿ ಗಗಾರಿನ್, ಭೂಮಿಯ ಅಂಚಿನಲ್ಲಿ ತಾನು ಕಂಡ ಬಣ್ಣಗಳನ್ನು ವಿವರಿಸುವಾಗ ರೋರಿಕ್ ಅವರ ಚಿತ್ರಗಳನ್ನೇ ನೆನೆದದ್ದು ಪ್ರಸಿದ್ಧ.

ಆದರೆ ಈ ದೂರ ಬರೀ ಕೈಚಳಕದಿಂದ ಬಂದದ್ದಲ್ಲ, ನಡೆದು ಗಳಿಸಿದ್ದು. 1923ರ ಡಿಸೆಂಬರಿನಲ್ಲಿ ಭಾರತಕ್ಕೆ ಬಂದಿಳಿದ ರೋರಿಕ್, ಸಿಕ್ಕಿಂ, ಡಾರ್ಜಿಲಿಂಗ್‌ಗಳನ್ನು ಕಂಡು, 1925ರಲ್ಲಿ ಕಾಶ್ಮೀರದಿಂದ ಮಧ್ಯ ಏಷ್ಯಾದ ಕಡೆಗೆ ಹೊರಟರು. ಜೊತೆಯಲ್ಲಿ ಮಡದಿ ಹೆಲೆನಾ, ಟಿಬೆಟನ್ ಭಾಷೆ ಬಲ್ಲ ಹಿರಿಯ ಮಗ ಯೂರಿ. ಲೇಹ್ ದಾಟಿ, ಕಾರಾಕೋರಂ ಹತ್ತಿಳಿದು, ಚೀನಾದ ಸಿಂಕಿಯಾಂಗ್ ಪ್ರಾಂತ್ಯದ ಖೋತಾನ್, ಯಾರ್ಕಂದ್, ಕಾಶ್ಗರ್, ಉರುಮ್ಚಿ. ಮುಂದೆ ಮಾಸ್ಕೋ, ಆಲ್ತಾಯ್ ಬೆಟ್ಟಗಳು, ಮಂಗೋಲಿಯಾ. 1927ರಲ್ಲಿ ದಕ್ಷಿಣಕ್ಕೆ ತಿರುಗಿ ಗೋಬಿ ಮರಳುಗಾಡು, ತ್ಸೈದಾಮ್ ಬಯಲು, ಟಿಬೆಟ್. 1928ರ ಮೇ ತಿಂಗಳಲ್ಲಿ ಮತ್ತೆ ಡಾರ್ಜಿಲಿಂಗ್. ದಾರಿಯಲ್ಲಿ ದಾಟಿದ ಘಾಟಿಗಳು 35 ಎಂದು ರೋರಿಕ್ ಲೆಕ್ಕ ಕೊಡುತ್ತಾರೆ. 14,000 ಅಡಿಗಿಂತ ಕೆಳಗಿನದು ಅವುಗಳಲ್ಲಿ ಒಂದೂ ಇಲ್ಲ.

ಖೋತಾನ್‌ನಲ್ಲಿ ಅಲ್ಲಿನ ಚೀನೀ ಅಧಿಕಾರಿಗಳು ಅವರನ್ನು ತಿಂಗಳುಗಟ್ಟಲೆ ತಡೆದಿಟ್ಟರು. ಹೊರಗೆ ಕುಳಿತು ಚಿತ್ರ ಬರೆಯಕೂಡದೆಂದು ಕಟ್ಟಪ್ಪಣೆಯಾಯಿತು. ಎದುರಿಗೆ ಕುನ್ಲುನ್ ಪರ್ವತಗಳು, ಕೈಯಲ್ಲಿ ಬಣ್ಣ, ಬರೆಯಲು ಅನುಮತಿ ಇಲ್ಲ. ರೋರಿಕ್ ಕೋಣೆಯೊಳಗೆ ಕುಳಿತು, ಬರಲಿರುವ ಬುದ್ಧನನ್ನು ಕುರಿತ ಮೈತ್ರೇಯ ಮಾಲಿಕೆಯನ್ನು ಬರೆದರು. ಅವರ ಬೆಟ್ಟಗಳು ಕಣ್ಣಿಗಿಂತ ನೆನಪಿನಿಂದ ಮೂಡಿದಂತೆ ಕಾಣುವುದೇಕೆ ಎಂಬ ನನ್ನ ಬಹುದಿನದ ಕುತೂಹಲಕ್ಕೆ ಇದನ್ನು ಓದಿದಾಗ ಅರ್ಧ ಉತ್ತರ ಸಿಕ್ಕಿತು. ಬಂಡೆಯನ್ನು ಎದುರಿಟ್ಟುಕೊಂಡು ಬರೆದವನು ಬಂಡೆಯ ಬಿರುಕನ್ನು ಬಿಡಲಾರ. ನಾಲ್ಕು ಗೋಡೆಯ ನಡುವೆ ಕುಳಿತು ನೆನೆದವನಿಗೆ ಉಳಿಯುವುದು ಅದರ ನಿಲುವು, ಅದರ ಬಣ್ಣ.

ಇನ್ನರ್ಧ ಉತ್ತರ ಟಿಬೆಟಿನ ಚಾಂಗ್‌ತಾಂಗ್ ಬಯಲಿನಲ್ಲಿದೆ. 1927ರ ಅಕ್ಟೋಬರಿನಲ್ಲಿ, ಲ್ಹಾಸಾಗೆ ಇನ್ನೂ ಬಹಳ ದಾರಿ ಇರುವಾಗಲೇ, ನಾಗ್ಚು ಬಳಿ ಟಿಬೆಟಿನ ಅಧಿಕಾರಿಗಳು ತಂಡವನ್ನು ತಡೆದರು. ಭಾರತದಲ್ಲಿದ್ದ ಬ್ರಿಟಿಷರಿಗೆ ಈ ರಷ್ಯನ್ನರ ಮೇಲೆ ಗುಮಾನಿಯಿತ್ತು. ಆ ಗುಮಾನಿಯ ನೆರಳು ಅಲ್ಲಿಯವರೆಗೂ ಚಾಚಿತ್ತು. ಮುಂದೆ ಹೋಗುವಂತಿಲ್ಲ, ಹಿಂದಿರುಗುವಂತಿಲ್ಲ, ಊರವರಿಂದ ಏನನ್ನೂ ಕೊಳ್ಳುವಂತಿಲ್ಲ. ಬೇಸಿಗೆಗೆಂದು ಹೊಲಿದ ಡೇರೆಗಳಲ್ಲಿ ಐದು ತಿಂಗಳ ಚಳಿಗಾಲ. ವೈದ್ಯರ ಡೇರೆಯಲ್ಲಿದ್ದ ಬ್ರಾಂದಿ ಹೆಪ್ಪುಗಟ್ಟಿತು. ತಂಡದ ಐವರು ಅಲ್ಲೇ ಸತ್ತರು. ಒಂಟೆ, ಕುದುರೆ, ಹೇಸರಗತ್ತೆ ಎಲ್ಲ ಸೇರಿ 90ರ ಆಸುಪಾಸು ಪ್ರಾಣಿಗಳು ಮೇವಿಲ್ಲದೆ ಬಿದ್ದವು. ಮುಂದೆ ಹೋಗಲಾರದೆ ಹೀಗೆ ಕಾದವನಿಗೆ ದೂರದ ಬೆಟ್ಟ ಕಣ್ಣಿಗಿಂತ ಮನಸ್ಸಿನಲ್ಲೇ ಹೆಚ್ಚು ನಿಲ್ಲುತ್ತದೆ.

ಅಷ್ಟೂ ದಾರಿಯಲ್ಲಿ ಹೆಲೆನಾ ಇದ್ದರು. ಪೀಟರ್ಸ್‌ಬರ್ಗ್‌ನಲ್ಲಿ ಪಿಯಾನೊ ಕಲಿತು ಬೆಳೆದ ಮನೆತನಸ್ಥ ಹೆಣ್ಣುಮಗಳು ಕುದುರೆಯೇರಿ ಏಷ್ಯಾದ ನಡುಭಾಗವನ್ನು ದಾಟಿದರು. ಇವರನ್ನು ಗಂಡನ ಜೊತೆ ಹೋದ ಹೆಂಡತಿ ಎಂದು ಬರೆದು ಮುಗಿಸುವ ಬರಹಗಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಬೌದ್ಧ ಧರ್ಮದ ಮೂಲತತ್ವಗಳನ್ನು ಕುರಿತ ಹೆಲೆನಾ ಅವರ ಪುಸ್ತಕ ಈ ಪ್ರಯಾಣದ ನಡುವೆಯೇ ಉಲಾನ್ ಬಾತರ್‌ನಲ್ಲಿ ಅಚ್ಚಾಯಿತು. ಚಿತ್ರಗಳ ಹಿಂದಿನ ಚಿಂತನೆಯಲ್ಲಿ ಅವರ ಪಾಲು ದೊಡ್ಡದು. ಹೊರಡುವ ಮುನ್ನ, 1924ರಲ್ಲಿ ರೋರಿಕ್ ಬರೆದ ಒಂದು ಚಿತ್ರವಿದೆ, ಹೆಸರು ‘ಮುನ್ನಡೆಸುವವಳು’. ಕಡಿದಾದ ಬಂಡೆಯ ಮೇಲೆ ಹೆಣ್ಣು ಮುಂದೆ, ಗಂಡು ಹಿಂದೆ; ಆಕೆಯ ಆಸರೆಯಲ್ಲಿ ಆತ ಹತ್ತುತ್ತಿದ್ದಾನೆ. ಅದು ಬೆಂಗಳೂರಿನಲ್ಲಿಲ್ಲ, ಮಾಸ್ಕೋದಲ್ಲಿದೆ. ಪರಿಷತ್ತಿನ ಬೆಟ್ಟಗಳನ್ನು ನೋಡುವ ಮುನ್ನ ಆ ಚಿತ್ರದ ಪ್ರತಿಯನ್ನು ಯಾವುದಾದರೂ ಪುಸ್ತಕದಲ್ಲಿ ನೋಡಿಕೊಂಡು ಹೋದರೆ ಬೆಟ್ಟಗಳು ಬೇರೆಯಾಗಿ ಕಾಣುತ್ತವೆ. ಅಲ್ಲಿ ಮನುಷ್ಯರು ಕಾಣದಿದ್ದಾಗಲೂ ನೋಡುತ್ತಿರುವ ಕಣ್ಣುಗಳು ನಾಲ್ಕು.

ಒಮ್ಮೆ ನಮ್ಮ ಗಂಗಾನಗರದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿದ್ದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಮೇಖ್ರಿ ಸರ್ಕಲ್ ದಾಟಿ ಅರಮನೆ ಮೈದಾನದ ಪಕ್ಕ ಬಸ್ಸು ನಿಂತು ನಿಂತು ಸಾಗುವಾಗ ಚಾಂಗ್‌ತಾಂಗ್‌ನ ಕಥೆ ಹೇಳಿದ್ದೆ. ಗ್ಯಾಲರಿಯಲ್ಲಿ ಒಂದು ಸುತ್ತು ಮುಗಿಸಿ ಅವರು ಕೇಳಿದರು: “ಅಲ್ಲಪ್ಪಾ, ಇಷ್ಟೊಂದು ಬೆಟ್ಟ ಬರೆದಿದ್ದಾರೆ, ಸಾಮಾನು ಹೊತ್ತು ಹತ್ತಿದವು ಎಲ್ಲಿ?” ನನ್ನ ಬಳಿ ಉತ್ತರವಿರಲಿಲ್ಲ. ಅಂದಿನಿಂದ ರೋರಿಕ್ ಅವರ ಚಿತ್ರ ಎಲ್ಲಿ ಕಂಡರೂ ನಾನು ಮೊದಲು ಅದರ ಕೆಳಗಿನ ಅಂಚನ್ನು ನೋಡುತ್ತೇನೆ. ಎಷ್ಟೋ ಚಿತ್ರಗಳಲ್ಲಿ ಬೆಟ್ಟದ ಬುಡಕ್ಕೆ ಎಳ್ಳುಕಾಳಿನಷ್ಟು ಒಂದು ಕುದುರೆ, ಒಬ್ಬ ಸವಾರ, ಇಲ್ಲವೇ ಸಾಲಾಗಿ ಸಾಗುವ ತಂಡ ಇರುತ್ತದೆ. ಕಣ್ಣು ಶಿಖರದಲ್ಲೇ ತಂಗಿಬಿಟ್ಟರೆ ಕಾಣದು. ಕಂಡ ಮೇಲೆ ಮಾತ್ರ ಬೆಟ್ಟ ಎಷ್ಟು ಎತ್ತರ ಎಂಬುದು ಅರಿವಿಗೆ ಬರುತ್ತದೆ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1920 ಮತ್ತು 30ರ ದಶಕಗಳಲ್ಲಿ, ನಮ್ಮ ಕೆ. ವೆಂಕಟಪ್ಪನವರು ಊಟಿ, ಕೊಡೈಕಾನಲ್‌ಗಳ ಬೆಟ್ಟಗಳನ್ನು ಜಲವರ್ಣದಲ್ಲಿ ಬರೆದರು. ಕಸ್ತೂರ್ಬಾ ರಸ್ತೆಯ ಗ್ಯಾಲರಿಗೆ ಅವರ ಹೆಸರೇ ಇದೆ. ಅವನೀಂದ್ರನಾಥ ಟ್ಯಾಗೋರರ ಶಿಷ್ಯ, ವೀಣೆಯ ಸಾಧಕ, ಮದುವೆಯಾಗದೆ ಒಂಟಿಯಾಗಿ ಬಾಳಿದವರು. ಅವರ ಬೆಟ್ಟಗಳಲ್ಲಿ ಮಂಜಿನ ಎಳೆಎಳೆಯೂ ಇದೆ, ಬೆಳಕು ಮರದಿಂದ ಮರಕ್ಕೆ ಬದಲಾಗುವುದೂ ಕಾಣುತ್ತದೆ. ಒಬ್ಬನೇ ಒಂದೆಡೆ ಕುಳಿತು, ಮೈಯೆಲ್ಲ ಕಣ್ಣಾಗಿ ನೋಡಿದ ನೋಟ ಅದು. ಸೂಕ್ಷ್ಮದಲ್ಲಿ ವೆಂಕಟಪ್ಪನವರೇ ಮೇಲು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ರೋರಿಕ್ ಅವರಲ್ಲಿ ಇರುವುದು ಬೇರೆ: ನಾಳೆ ಅಲ್ಲಿಗೆ ಹೋಗಬೇಕು ಎಂಬ ಎಳೆತ. ಮುಂದಿನ ಸಾಲಿನ ಬೆಟ್ಟ ಅವರಿಗೆ ಬರೀ ದೃಶ್ಯವಲ್ಲ, ಮರುದಿನದ ದಾರಿ.

ಲ್ಹಾಸಾ ಮಾತ್ರ ಅವರಿಗೆ ದಕ್ಕಲಿಲ್ಲ. ಚಳಿ ಇಳಿದ ಮೇಲೆ, 1928ರ ಮಾರ್ಚಿನಲ್ಲಿ ಬಿಡುಗಡೆ ಸಿಕ್ಕಾಗ, ಆ ನಗರವನ್ನು ಬಳಸಿ ಸಿಕ್ಕಿಂಗೆ ಇಳಿಯಬೇಕಾಯಿತು. ಲ್ಹಾಸಾ ಸುತ್ತಲಿನ ಮೂರು ಮಹಾವಿಹಾರಗಳು ಸೆರಾ, ಡ್ರೆಪುಂಗ್, ಗಾಂದೆನ್. ಅವುಗಳ ಭಿಕ್ಷುಗಳು ಟಿಬೆಟ್ ಬಿಟ್ಟು ಬಂದ ಮೇಲೆ ಸೆರಾ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡಿನಲ್ಲಿ ಮತ್ತೆ ಎದ್ದು ನಿಂತಿವೆ. ಐದು ತಿಂಗಳು ಹೆಪ್ಪುಗಟ್ಟಿ ಕಾದರೂ ಹೆಲೆನಾ ಮತ್ತು ನಿಕೊಲಾಯ್ ಅವರಿಗೆ ಸಿಗದ ವಿಹಾರಗಳ ಹೆಸರು, ಪಾಠ, ಪರಂಪರೆ ಇಂದು ಬೈಲಕುಪ್ಪೆ, ಮುಂಡಗೋಡುಗಳ ಹೊಲಗಳ ನಡುವೆ ಇವೆ.

ದಂಪತಿ ಕುಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿದರು. ರೋರಿಕ್ 1947ರಲ್ಲಿ ಅಲ್ಲೇ ತೀರಿಕೊಂಡರು, ಹೆಲೆನಾ 1955ರಲ್ಲಿ ಕಾಲಿಂಪಾಂಗ್‌ನಲ್ಲಿ. ಕಿರಿಯ ಮಗ ಸ್ವೆತೊಸ್ಲಾವ್ ತಾವೂ ದೊಡ್ಡ ಚಿತ್ರಕಾರರು. 1945ರಲ್ಲಿ ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ, ಮುಂದೆ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಯೂರಿ ಬೆಂಗಳೂರಿನವರೇ ಆದರು. ತಂದೆಯ ಬೆಟ್ಟಗಳು ಪರಿಷತ್ತಿನ ಗೋಡೆಗೆ ಬಂದದ್ದು ಅವರಿಂದ. 1993ರಲ್ಲಿ ಅವರು, ಮರುವರ್ಷ ದೇವಿಕಾ ರಾಣಿ ತೀರಿಕೊಂಡ ಮೇಲೆ ತಾತಗುಣಿ ಎಸ್ಟೇಟ್ ವರ್ಷಗಟ್ಟಲೆ ಕೋರ್ಟಿನಲ್ಲಿತ್ತು. ರಾಜ್ಯ ಸರ್ಕಾರ ಅದನ್ನು ವಶಕ್ಕೆ ತೆಗೆದುಕೊಂಡದ್ದು ಸರಿ ಎಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ಮನೆಗೆ ಸೇರಿದ ಚಿತ್ರಗಳಲ್ಲಿ ಒಂದೂ ಕತ್ತಲ ಕೋಣೆಯಲ್ಲಿ ಉಳಿಯಬಾರದು, ಎಲ್ಲವೂ ಜನ ನೋಡುವ ಗೋಡೆಗೆ ಬರಬೇಕು ಎಂಬುದು ಇದನ್ನು ಬರೆಯುವವನ ಬೇಡಿಕೆ.

ಅಲ್ಲಿಯವರೆಗೆ ಪರಿಷತ್ತಿನ ರೋರಿಕ್ ಗ್ಯಾಲರಿ ಇದೆ. ಜನವರಿಯ ಚಿತ್ರಸಂತೆಯ ನೂಕುನುಗ್ಗಲಿನಲ್ಲಿ ಬೇಡ, ಬೇರೆ ಯಾವುದಾದರೂ ದಿನ ಬಿಡುವು ಮಾಡಿಕೊಂಡು ಹೋಗಿ. ಎದುರು ಗೋಡೆಗೆ ಬೆನ್ನು ತಾಗುವಷ್ಟು ಹಿಂದೆ ಸರಿದು ನೋಡಿ, ಆಮೇಲೆ ಹತ್ತಿರ ಬನ್ನಿ. ಒಬ್ಬರೇ ಹೋಗಬೇಡಿ, ನಿಮಗಿಂತ ಬೇರೆ ಪ್ರಶ್ನೆ ಕೇಳುವ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ.