ಬಯಲಿಗೆ ಬೆಳಕೋ, ಬಿಲ್ಲೆಗೆ ಬೆಳಕೋ

ಎಸೆಯುವ ಬಿಲ್ಲೆಯ ಮೈಗೇ ಎಲ್‌ಇಡಿ ದೀಪವನ್ನು ಅಂಟಿಸಿ ಕತ್ತಲಲ್ಲಿ ಡಿಸ್ಕ್ ಗಾಲ್ಫ್ ಆಡುವ ರೂಢಿಯು, ರಾತ್ರಿಯ ಆಟಕ್ಕೆ ಬೆಳಕನ್ನು ಎಲ್ಲಿಡಬೇಕೆಂಬ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ತೀರ ಕಿರಿದಾದದ್ದು. ಆದರೆ ಇರುಳನ್ನು ಇರುಳಾಗಿಯೇ ಉಳಿಸಿ ಆಡುವ ವಿಷಯದಲ್ಲಿ ಅದು ಹಲವು ದೊಡ್ಡ ಉತ್ತರಗಳಿಗಿಂತ ಮೇಲಾದದ್ದು. ಡಿಸ್ಕ್ ಗಾಲ್ಫ್ ಎಂದರೆ ಚೆಂಡು-ಕೋಲುಗಳ ಬದಲು ಪ್ಲಾಸ್ಟಿಕ್ಕಿನ ಬಿಲ್ಲೆಯನ್ನು ಕೈಯಿಂದ ಎಸೆಯುತ್ತ ಸಾಗಿ, ಕಂಬವೊಂದರಿಂದ ಇಳಿಬಿಟ್ಟ ಸರಪಳಿಗಳಿಗೆ ಅದನ್ನು ತಾಗಿಸಿ ಕೆಳಗಿನ ಬುಟ್ಟಿಗೆ ಆದಷ್ಟು ಕಡಿಮೆ ಎಸೆತಗಳಲ್ಲಿ ಬೀಳಿಸುವ ಆಟ. ಎಡ್ ಹೆಡ್ರಿಕ್ ಎಂಬವರು 1975ರಲ್ಲಿ ಕ್ಯಾಲಿಫೋರ್ನಿಯಾದ ಓಕ್ ಗ್ರೋವ್ ಉದ್ಯಾನದಲ್ಲಿ ಇದಕ್ಕೊಂದು ಕಾಯಂ ಅಂಕಣವನ್ನು ರೂಪಿಸಿದರು. ಮರುವರ್ಷ ಪಿಡಿಜಿಎ ಎಂಬ ಹೆಸರಿನ ಆಟಗಾರರ ಸಂಘವನ್ನೂ ಕಟ್ಟಿದರು. ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯಲ್ಲಿ ಈ ಆಟ ಬೇರೂರಿಲ್ಲವಾದರೂ ಅದರ ರಾತ್ರಿಯ ರೂಪವನ್ನು ತೂಗಿ ನೋಡಲು ಬೇಕಾದ ಅಳತೆಗೋಲು ಅದೇ ಸೀಮೆಯ ನಾವುಂದದ ಆಸುಪಾಸಿನಲ್ಲೇ ಇದೆ, ಏಕೆಂದರೆ ಇರುಳಿಡೀ ಬಯಲಿನಲ್ಲಿ ಕೂಡುವ ಅಭ್ಯಾಸವೂ ಆ ಬಯಲಿಗೆ ಬೆಳಕು ಒದಗಿಸುವ ಅಭ್ಯಾಸವೂ ಇಲ್ಲಿ ಬಹು ಹಿಂದಿನಿಂದ ಬೆಳೆದು ಬಂದಿವೆ.

ಆ ಅಭ್ಯಾಸದ ಇಂದಿನ ರೂಪ ಹೊನಲು ಬೆಳಕಿನ ಪಂದ್ಯಾಟ. ಕೊಯ್ಲು ಮುಗಿದ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ನಾಲ್ಕು ಮೂಲೆಗೆ ಕಂಬ ನೆಟ್ಟು ಪ್ರಖರ ದೀಪಗಳನ್ನು ಕಟ್ಟಿ ಕಬಡ್ಡಿ, ವಾಲಿಬಾಲ್, ಕ್ರಿಕೆಟ್ ಆಡಿಸುವ ಈ ಕ್ರಮಕ್ಕೆ ಕನ್ನಡವು ಕೊಟ್ಟಿರುವ ಹೆಸರು ಬಹಳ ಖಚಿತವಾಗಿದೆ. ಹೊನಲು ಎಂದರೆ ಹರಿದು ಬರುವ ನೀರು. ಮಳೆಗಾಲದಲ್ಲಿ ಸೌಪರ್ಣಿಕಾ ನದಿ ಉಕ್ಕಿದಾಗ ನಾವುಂದದ ಸಾಲ್ಬುಡದಂಥ ತಗ್ಗಿನಲ್ಲಿ ಗದ್ದೆ ಯಾವುದು, ದಾರಿ ಯಾವುದು, ಅಂಗಳ ಯಾವುದು ಎಂಬ ಗುರುತೇ ಉಳಿಯದಂತೆ ನೆರೆ ನಿಲ್ಲುವ ಹಾಗೆ, ಈ ಬೆಳಕೂ ಆಟಗಾರ, ಚೆಂಡು, ಗೆರೆ, ಪ್ರೇಕ್ಷಕ ಎಂಬ ಭೇದವಿಲ್ಲದೆ ಎಲ್ಲವನ್ನೂ ಸಮನಾಗಿ ಮುಚ್ಚುತ್ತದೆ. ಕಬಡ್ಡಿಗೆ ಅದು ಸರಿಯಾದ ಬೆಳಕು, ಏಕೆಂದರೆ ಅಲ್ಲಿ ಗೆರೆಯ ಮೇಲಿನ ಕಾಲ್ಬೆರಳೂ ತೀರ್ಪಿಗೆ ಒಳಪಡುತ್ತದೆ. ಆದರೆ ಅದು ರಾತ್ರಿಯ ಆಟವಲ್ಲ, ರಾತ್ರಿಗೆ ಮುಂದೂಡಿದ ಹಗಲಿನ ಆಟ.

ಈ ಸೀಮೆಯಲ್ಲಿ ‘ಆಟ’ ಎಂಬ ಮಾತಿಗೇ ಯಕ್ಷಗಾನವೆಂಬ ಅರ್ಥವಿರುವುದು ಇಲ್ಲಿ ನೆನೆಯತಕ್ಕದ್ದು. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಪಡೆದರು; ಆ ಗ್ರಂಥದ ವಸ್ತುವಾದ ಈ ಕಲೆಯು ಬಹುಕಾಲ ದೊಂದಿಯ ಬೆಳಕಿನಲ್ಲಿ, ಅಂದರೆ ಎಣ್ಣೆಯಲ್ಲಿ ಅದ್ದಿ ಉರಿಸಿದ ಪಂಜಿನ ಬೆಳಕಿನಲ್ಲಿ, ಬಾಳಿದ್ದು. ಆ ಬಳಿಕ ಗ್ಯಾಸ್‌ಲೈಟು, ಟ್ಯೂಬ್‌ಲೈಟುಗಳು ಬಂದು ಈಗ ಎಲ್‌ಇಡಿಯವರೆಗೆ ತಲುಪಿದೆ. ಹಗುರ ಮರದ ತುಂಡುಗಳ ಮೇಲೆ ಬೇಗಡೆ ಹಚ್ಚಿ ಕನ್ನಡಿ ಚೂರುಗಳನ್ನು ಕೂರಿಸಿದ ಅಲ್ಲಿನ ಆಭರಣಗಳು ದೊಂದಿಯ ಆ ಅಲುಗುವ, ಕೆಂಪು ಬೆರೆತ ಮಂದ ಬೆಳಕಿಗೆ ಚೆನ್ನಾಗಿ ಒಗ್ಗುತ್ತವೆ. ವೇಷಧಾರಿ ತಿರುಗಿದಂತೆ ಬೆಳಕು ಅವನ ಮೈಯಿಂದಲೇ ಸಿಡಿದಂತೆ ಕಾಣುತ್ತದೆ. ರಾಕ್ಷಸ ವೇಷದ ಪ್ರವೇಶಕ್ಕೆ ಪಂಜಿಗೆ ರಾಳದ ಪುಡಿ ಎರಚಿ ಉರಿಯನ್ನು ಭುಗಿಲೆಬ್ಬಿಸುವುದೂ ಸುತ್ತ ಕತ್ತಲಿದ್ದುದರಿಂದಲೇ ಫಲಿಸುತ್ತಿದ್ದ ತಂತ್ರ. ಬೆಳಕು ಚಲಿಸುವ ಮೈಗೆ ಸೇರಿದ್ದಾಗಿ, ಕತ್ತಲು ಆಟದ ಭಾಗವಾಗಿ ಇರುವ ಈ ನೆಲೆಗೆ ದೀಪ ಹೊತ್ತ ಬಿಲ್ಲೆಯು ಹೊನಲು ಬೆಳಕಿಗಿಂತ ಹೆಚ್ಚು ಹತ್ತಿರದಲ್ಲಿದೆ. ಅದರ ಪರವಾಗಿ ಹೇಳಬಹುದಾದ ಅತ್ಯಂತ ಗಟ್ಟಿಯಾದ ಮಾತು ಇದೇ.

ಇನ್ನು ಅದರ ಮಾಡುವಿಕೆಯನ್ನು ನೋಡಬೇಕು. ಸಾಮಾನ್ಯವಾಗಿ ಬಳಕೆಯಾಗುವುದು ಸಿಆರ್2032 ಎಂಬ, 20 ಮಿಲಿಮೀಟರ್ ಅಡ್ಡಳತೆಯ, 3 ವೋಲ್ಟಿನ ನಾಣ್ಯದಾಕಾರದ ಲಿಥಿಯಂ ಸೆಲ್ಲು, ಅದಕ್ಕೆ ಜೋಡಿಸಿದ ಒಂದೆರಡು ಎಲ್‌ಇಡಿ, ಇವನ್ನು ಬಿಲ್ಲೆಯ ಅಡಿಮೈಗೆ ಹಿಡಿದಿಡುವ ಪಾರದರ್ಶಕ ಟೇಪು. ಸೆಲ್ಲು ಸುಮಾರು 3 ಗ್ರಾಂ ತೂಗುತ್ತದೆ. ದೀಪ, ಟೇಪುಗಳನ್ನು ಸೇರಿಸಿ 5 ಗ್ರಾಂ ಎಂದಿಟ್ಟುಕೊಂಡರೆ, 21 ಸೆಂಟಿಮೀಟರ್ ಅಗಲದ 175 ಗ್ರಾಂ ಬಿಲ್ಲೆಗೆ ಅದು ಶೇ. 3ಕ್ಕೂ ಕಡಿಮೆ ಹೊರೆ. ಹೊರೆ ಎಷ್ಟು ಎಂಬುದಕ್ಕಿಂತ ಎಲ್ಲಿ ಎಂಬುದೇ ಇಲ್ಲಿ ಮುಖ್ಯ. ತಿರುಗುವ ವಸ್ತು ತನ್ನ ತಿರುಗಾಟವನ್ನು ಕಾಯ್ದುಕೊಳ್ಳುವ ಗುಣಕ್ಕೆ ಭೌತಶಾಸ್ತ್ರದಲ್ಲಿ ಜಡತ್ವದ ಮಹತ್ವ ಎಂಬ ಹೆಸರಿದೆ. ಅದಕ್ಕೆ ಪ್ರತಿ ಗ್ರಾಂ ನೀಡುವ ಪಾಲು ನಡುವಿನಿಂದ ಆ ಗ್ರಾಂ ಇರುವ ದೂರದ ವರ್ಗವನ್ನು ಅನುಸರಿಸುತ್ತದೆ. ಆದ್ದರಿಂದ ನಟ್ಟನಡುವೆ ಅಂಟಿಸಿದ ದೀಪವು ಬಿಲ್ಲೆಯ ತಿರುಗಾಟವನ್ನು ಬಹುಮಟ್ಟಿಗೆ ಮುಟ್ಟುವುದೇ ಇಲ್ಲ. ಅದೇ 5 ಗ್ರಾಮನ್ನು ಅಂಚಿನ ಒಂದೇ ಕಡೆಗೆ ಅಂಟಿಸಿದರೆ ಬಿಲ್ಲೆಯ ತೂಕದ ಕೇಂದ್ರ ಸುಮಾರು 3 ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದು, ಕೈಬಿಟ್ಟ ಕ್ಷಣದಿಂದಲೇ ಬಿಲ್ಲೆ ತೊನೆದಾಡತೊಡಗುತ್ತದೆ. ಮೂಲ ಹಾರಾಟದ ಗುಣವನ್ನು ಬದಲಿಸುವ ಮಾರ್ಪಾಡು ಸಲ್ಲದೆಂಬುದು ಈ ಆಟದ ನಿಯಮಗಳ ತಿರುಳು. ಹಗಲಿನಲ್ಲಿ ಅದನ್ನು ಪಾಲಿಸಿ ರಾತ್ರಿಯಲ್ಲಿ ಮರೆಯಲು ಕಾರಣವಿಲ್ಲ.

ಆದರೂ ಅಂಚಿನ ದೀಪಕ್ಕೆ ಮನಸೋಲುವವರಿದ್ದಾರೆ, ಅದಕ್ಕೆ ಕಾರಣವೂ ಇದೆ. ನಡುವಿನ ದೀಪ ಕತ್ತಲಲ್ಲಿ ತೇಲಿಹೋಗುವ ಚುಕ್ಕಿಯಾಗಿ ಮಾತ್ರ ಕಾಣುತ್ತದೆ, ಬಿಲ್ಲೆ ತಿರುಗುತ್ತಿದೆಯೇ ಎಂಬುದನ್ನೂ ಹೇಳುವುದಿಲ್ಲ. ಅಂಚಿನ ದೀಪವಾದರೋ ಸುತ್ತು ಸುತ್ತಿಗೂ ಬೆಳಕಿನ ಗೆರೆ ಎಳೆಯುತ್ತದೆ. ನೋಡಲು ಅದು ಸೊಗಸು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಸೊಗಸು ನೋಡುವವರ ಪಾಲಿನದು, ಎಸೆದವರ ಪಾಲಿಗೆ ಅದು ಗುರಿ ತಪ್ಪಿಸುವ ಭಾರ. ಬಣ್ಣ ಬದಲಿಸುತ್ತ ಮಿನುಗುವ ದೀಪಗಳ ವಿಷಯದಲ್ಲಂತೂ ತೀರ್ಪು ಇನ್ನೂ ಸುಲಭ: ಮಿನುಗಿನ ನಡುವೆ ದೀಪ ಆರಿದ ಕ್ಷಣದಲ್ಲಿ ಬಿಲ್ಲೆ ಎತ್ತ ಬಾಗಿತೆಂಬುದೇ ಕಾಣದೆ ಹೋಗುವುದರಿಂದ ಅವು ಆಟಕ್ಕೆ ಕೆಲಸಕ್ಕೆ ಬಾರವು. ಬಿಲ್ಲೆಯ ಪ್ಲಾಸ್ಟಿಕ್ ಬೆಳಕನ್ನು ಹಾಯಗೊಡುವಂಥದಾಗಿರಬೇಕು ಎಂಬುದನ್ನೂ ಇಲ್ಲಿ ಸೇರಿಸಬೇಕು. ಎಸೆದವರಿಗೆ ಹಿಂದಿನಿಂದ ಕಾಣುವುದು ಬಿಲ್ಲೆಯ ಅಂಚು ಮಾತ್ರ. ಮೈ ದಟ್ಟವಾಗಿದ್ದರೆ ಅಡಿಯ ದೀಪ ಅಂಚಿನ ಮರೆಯಲ್ಲಿ ಅಡಗುತ್ತದೆ, ಹುಲ್ಲಿನ ಮೇಲೆ ಅಂಗಾತ ಬೀಳದೆ ನೆಟ್ಟಗೆ ಬಿದ್ದರೆ ಪೂರ್ತಿ ಮುಚ್ಚಿಹೋಗುತ್ತದೆ. ಬೆಳಕು ಹಾಯುವ ಪ್ಲಾಸ್ಟಿಕ್ಕಾದರೆ ಬಿಲ್ಲೆ ಪೂರ್ತಿ ಒಂದೇ ಹದದಲ್ಲಿ ಬೆಳಗಿ, ಬಾಗಿದ ಕೋನವೂ ತಿಳಿಯುತ್ತದೆ.

ಬಣ್ಣದ ಆಯ್ಕೆ ಮೇಲುನೋಟಕ್ಕೆ ರುಚಿಯ ಪ್ರಶ್ನೆಯಂತೆ ಕಂಡರೂ ಹಾಗಲ್ಲ. ಮಂದ ಬೆಳಕಿಗೆ ಸ್ಪಂದಿಸುವ ಕಣ್ಣಿನ ದಂಡಕೋಶಗಳು ಕತ್ತಲಿಗೆ ಪೂರ್ಣವಾಗಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಆ ಕೋಶಗಳಿಗೆ ಹಸಿರು-ನೀಲಿಯ ಕಡೆಯ ಬೆಳಕು ಬಲವಾಗಿ ತಾಗುತ್ತದೆ, ಕೆಂಪು ಬಹುತೇಕ ತಾಗುವುದೇ ಇಲ್ಲ. ಹೀಗಾಗಿ ಹಸಿರು ದೀಪ ದೂರಕ್ಕೆ ಚೆನ್ನಾಗಿ ಕಾಣುತ್ತದೆ, ಕೆಂಪು ದೀಪ ಕಣ್ಣಿನ ಹೊಂದಾಣಿಕೆಯನ್ನು ಕೆಡಿಸದೆ ಉಳಿಸುತ್ತದೆ. ನಾವುಂದ–ಮರವಂತೆಯ ಕಡಲಂಚಿನಲ್ಲಿ ಈ ಆಯ್ಕೆಗೆ ಇನ್ನೊಂದು ಪಕ್ಷವೂ ಇದೆ. ಈ ಕರಾವಳಿಯಲ್ಲಿ, ಕುಂದಾಪುರದ ಕೋಡಿಯಂಥ ಕಡೆ, ಆಲಿವ್ ರಿಡ್ಲೆ ಜಾತಿಯ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮರಿಗಳು ಇರುಳಿನಲ್ಲಿ ಹೊರಬಂದು ಹೆಚ್ಚು ಬೆಳಕಿರುವ ದಿಗಂತವೇ ಕಡಲೆಂದು ಅತ್ತ ತೆವಳುತ್ತವೆ. ಅವುಗಳ ಕಣ್ಣಿಗೂ ಹಸಿರು-ನೀಲಿಗಳೇ ಹೆಚ್ಚು ಸೆಳೆತ, ಕೆಂಪು ಕಡಿಮೆ. ಮಳೆಯಿಲ್ಲದ, ಬಯಲಾಟದ ಮೇಳಗಳೂ ಪಂದ್ಯಾಟಗಳೂ ನಡೆಯುವ ತಿಂಗಳುಗಳೇ ಆಮೆಗಳ ತಿಂಗಳುಗಳೂ ಆಗಿರುವುದರಿಂದ, ಮರಳಿನ ಮೇಲೆ ಆಡುವ ಬಿಲ್ಲೆಗೆ ಹಸಿರು ದೀಪವನ್ನು ಒಪ್ಪಲಾಗದು. ಕೆಂಪಿನಿಂದ ಕಾಣುವಿಕೆ ಕುಂದಿದರೆ ಎಸೆತದ ದೂರವನ್ನು ಕಡಿಮೆ ಮಾಡಿಕೊಳ್ಳುವುದೇ ನ್ಯಾಯ.

ಎಲ್‌ಇಡಿ ಇಲ್ಲಿನ ಕಡಲಿಗೆ ಅಪರಿಚಿತ ವಸ್ತುವೂ ಅಲ್ಲ. ದೋಣಿಯಿಂದ ಪ್ರಖರ ಎಲ್‌ಇಡಿಗಳನ್ನು ಉರಿಸಿ ಮೀನುಗಳನ್ನು ಒಂದೆಡೆ ಸೆಳೆದು ಬಳಿಯುವ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರ್ 10ರ ಆದೇಶದಲ್ಲಿ ದೇಶದ ಕಡಲಿನ ಅನನ್ಯ ಆರ್ಥಿಕ ವಲಯದಾದ್ಯಂತ ನಿಷೇಧಿಸಿತು. ನಾಡದೋಣಿ ಮೀನುಗಾರರು ಬೆಳಕು ಮೀನುಗಾರಿಕೆಯ ವಿರುದ್ಧ ಎತ್ತಿದ ದನಿ ಈ ಕರಾವಳಿಯಲ್ಲಿ ಇಂದಿಗೂ ಅಡಗಿಲ್ಲ. ಬಿಲ್ಲೆಯ ಮೇಲಿನ ಒಂದು ಚುಕ್ಕಿಯನ್ನು ಆ ದೀಪಗಳೊಡನೆ ಸರಿಗಟ್ಟುವುದು ಅನ್ಯಾಯವಾದೀತು, ಆದರೆ ಇರುಳಿನಲ್ಲಿ ಬೆಳಕು ಯಾವುದನ್ನು ಎತ್ತ ಎಳೆಯುತ್ತದೆಂಬ ಎಚ್ಚರವನ್ನು ಇಲ್ಲಿನವರು ಬದುಕಿನ ವೆಚ್ಚದಲ್ಲಿ ಗಳಿಸಿದ್ದಾರೆ ಎಂಬುದನ್ನು ಆಟವೂ ಗೌರವಿಸಬೇಕಾಗುತ್ತದೆ. ಸೆಲ್ಲಿನ ವಿಷಯವೂ ಹೀಗೆಯೇ. ಉಪ್ಪುಗಾಳಿಗೆ ಅದರ ತುದಿಗಳು ಬೇಗ ತುಕ್ಕು ಹಿಡಿಯುತ್ತವೆ, ಟೇಪು ಬಿಟ್ಟುಕೊಂಡರೆ ಮರಳಲ್ಲಿ ಹೂತುಹೋಗುತ್ತದೆ, ಎಳೆಯ ಮಕ್ಕಳು ನುಂಗಿದರೆ ಗಂಟಲನ್ನು ಕೆಲವೇ ಗಂಟೆಗಳಲ್ಲಿ ಸುಡುತ್ತದೆ. ಟೇಪನ್ನೇ ನಂಬುವ ಬದಲು ತಿರುಪು ಹಾಕಿ ಮುಚ್ಚುವ ಪುಟ್ಟ ಕವಚದಲ್ಲಿ ಸೆಲ್ಲನ್ನು ಕೂರಿಸಿದರೆ ಒಂದೆರಡು ಗ್ರಾಂ ಹೆಚ್ಚಾಗುತ್ತದೆ, ಆದರೆ ನಡುವಿನಲ್ಲಿ ಆ ಹೆಚ್ಚಳಕ್ಕೆ ಬೆಲೆ ಅಲ್ಪ.

ಈ ರೂಢಿಯ ನಿಜವಾದ ಕೊರತೆ ಬಿಲ್ಲೆಯಲ್ಲಿಲ್ಲ, ಬಿಲ್ಲೆಯನ್ನು ಬಿಟ್ಟು ಉಳಿದದ್ದರಲ್ಲಿದೆ. ಹಾರುವುದು ಕಂಡರೂ ಅದು ಹಾರುವ ದಾರಿ ಕಾಣುವುದಿಲ್ಲ. ಕರಿಯ ಹಿನ್ನೆಲೆಯಲ್ಲಿ ಒಂಟಿ ಚುಕ್ಕಿಯ ದೂರವನ್ನು ಕಣ್ಣು ಸರಿಯಾಗಿ ಅಳೆಯಲಾರದು, ಏಕೆಂದರೆ ಅಳೆಯಲು ಬೇಕಾದ ಮರ, ನೆಲ, ಬೇಲಿಗಳು ಆಗ ಇಲ್ಲವಾಗಿರುತ್ತವೆ. ಗಾಳಿಮರದ ತೋಪಿನಂಥ ಜಾಗದಲ್ಲಿ ಕಾಂಡಗಳ ನಡುವೆ ಎಸೆಯುವುದೇ ಆಟದ ಕುಶಲತೆಯಾಗಿರುವಾಗ, ಬಿಲ್ಲೆಗೆ ದೀಪ ಕೊಟ್ಟು ಮರಗಳನ್ನು ಕತ್ತಲಿಗೆ ಬಿಟ್ಟರೆ ಉಳಿಯುವುದು ಅದೃಷ್ಟ ಮಾತ್ರ. ದೊಂದಿಯ ಬೆಳಕಿನ ರಂಗಸ್ಥಳದಲ್ಲಿ ಹೊರಗಿನ ಬಯಲು ಕತ್ತಲಾಗಿದ್ದರೂ ನಾಲ್ಕು ಕಂಬಗಳ ಮೇರೆ ಕಾಣುತ್ತಿತ್ತು. ಕುಣಿಯುವವರಿಗೆ ಅಷ್ಟು ಸಾಕಾಗುತ್ತಿತ್ತು. ಬಿಲ್ಲೆಯ ಆಟಕ್ಕೂ ಅಷ್ಟೇ ಬೇಕಾಗಿರುವುದು: ಬುಟ್ಟಿಯ ಬುಡದಲ್ಲಿ ಸರಪಳಿಯತ್ತ ಮಾತ್ರ ಬಾಗಿದ ಒಂದು ಮಂದ ದೀಪ, ದಾರಿಯ ಎರಡು ಬದಿಯ ಕಾಂಡಗಳಿಗೆ ಮೊಣಕಾಲೆತ್ತರದಲ್ಲಿ ಕಟ್ಟಿದ ಕೆಂಪು ದೀಪಗಳು, ಅವುಗಳ ಕಡಲ ಕಡೆಯ ಮೈಗೆ ತೆಂಗಿನ ಚಿಪ್ಪಿನ ಮರೆ.