ಆಟದ ಎರಡನೇ ಭಾಗ ಕನ್ಸೋಲ್ ಮಾರಿಸೀತೇ?

ಓಣಿಯ ಕ್ರಿಕೆಟ್ಟನ್ನು ಟಿ.ವಿ. ಪರದೆಗೆ ತಂದು, ಅದರ ಬೆನ್ನಿಗೆ ಪ್ಲೇಸ್ಟೇಷನ್ ಎಂಬ ಗೇಮ್ ಯಂತ್ರವನ್ನು, ಅಂದರೆ ಕನ್ಸೋಲನ್ನು, ಭಾರತದ ಮನೆಗಳಿಗೆ ಮುಟ್ಟಿಸುವ ಪ್ರಯತ್ನವನ್ನು ಸೋನಿ ಕಂಪನಿ ಒಂದು ಕಾಲಕ್ಕೆ ಮಾಡಿತ್ತು. 2010ರಲ್ಲಿ ಬಂದ 'ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್' ಎಂಬ ಆಟವನ್ನು ಪ್ಲೇಸ್ಟೇಷನ್ 2ಕ್ಕೂ, ಕೈಯಲ್ಲಿ ಹಿಡಿದು ಆಡುವ ಪಿಎಸ್‌ಪಿಗೂ ರೂಪಿಸಿದ್ದು ಮುಂಬೈಯ ಟ್ರೈನ್ ಗೇಮ್ಸ್. ಅದಕ್ಕೂ ಮೊದಲು 'ದೇಸಿ ಅಡ್ಡಾ' ಎಂಬ ಹೆಸರಿನಲ್ಲಿ ಕಬಡ್ಡಿ, ಚಿಣಿಫಣಿ, ಗಾಳಿಪಟ ಕೂಡ ಪರದೆಗೆ ಬಂದಿದ್ದವು. 2012ಕ್ಕೆ ಸ್ಟ್ರೀಟ್ ಕ್ರಿಕೆಟ್ಟಿನ ಎರಡನೇ ಭಾಗ ಬಂತು. ಪ್ಲೇಸ್ಟೇಷನ್ 3ಕ್ಕೆ ಬೇರೆಯಾಗಿ 'ಮೂವ್ ಸ್ಟ್ರೀಟ್ ಕ್ರಿಕೆಟ್' ಬಂತು. ಅದರಲ್ಲಿ ಮೂವ್ ಎಂಬ ಕಂಟ್ರೋಲರನ್ನೇ ಬ್ಯಾಟಿನಂತೆ ಬೀಸಬೇಕು.

ನಮ್ಮ ಬೀದಿಯ ಆಟಗಳನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡ ದೊಡ್ಡ ಕಂಪನಿಗಳು ಕಡಿಮೆ. ಅದಕ್ಕೇ ಈ ಪ್ರಯತ್ನದ ಮೇಲೆ ನನಗೆ ಪ್ರೀತಿ ಇದೆ, ಅಷ್ಟೇ ತಕರಾರೂ ಇದೆ. ಯಾರು ಬೇಕಾದರೂ ಎತ್ತಿಕೊಂಡು ಆಡಬಹುದಾದ ಹಗುರ ಕ್ರೀಡಾ ಆಟವೊಂದರ ಮುಂದಿನ ಭಾಗಕ್ಕೆ, ಅದನ್ನು ಆಡಿಸುವ ಯಂತ್ರವನ್ನೂ ಮಾರಿಸುವ ಶಕ್ತಿ ಇದೆಯೇ? ಗೇಮ್ ಉದ್ಯಮ ಈ ಪ್ರಶ್ನೆಗೆ ಹೌದು ಎಂದೇ ನಂಬಿಕೊಂಡು ಬಂದಿದೆ. ಲೆಕ್ಕ ಬೇರೆಯದನ್ನೇ ಹೇಳುತ್ತದೆ.

ಆ ನಂಬಿಕೆ ಹುಟ್ಟಿದ್ದು ನಿಂಟೆಂಡೊ ಕಂಪನಿಯ 'ವೀ ಸ್ಪೋರ್ಟ್ಸ್'ನಿಂದ. 2006ರ ನವೆಂಬರಿನಲ್ಲಿ ವೀ ಕನ್ಸೋಲ್ ಜೊತೆಗೇ ಬಂದ ಆಟ. ಟೆನಿಸ್, ಬೇಸ್‌ಬಾಲ್, ಬೌಲಿಂಗ್, ಗಾಲ್ಫ್, ಬಾಕ್ಸಿಂಗ್ ಎಂಬ ಐದೇ ಕ್ರೀಡೆಗಳು. ಚಿತ್ರಗಳು ಬೊಂಬೆಯಂತೆ ಸರಳ. ಕೆಲವು ಕ್ರೀಡೆಗಳಲ್ಲಿ ಆಟಗಾರರಿಗೆ ಕಾಲೇ ಇಲ್ಲ. ಆದರೂ ರಿಮೋಟ್ ಕೈಗೆ ಕೊಟ್ಟು 'ಬೀಸು' ಎಂದರೆ ಸಾಕಿತ್ತು, ಜೀವಮಾನದಲ್ಲಿ ವಿಡಿಯೋ ಗೇಮ್ ಮುಟ್ಟದ ಅಜ್ಜಿಯೂ ಚೆಂಡು ಹೊಡೆಯುತ್ತಿದ್ದಳು. ಯಂತ್ರ ಯಾಕೆ ಬೇಕು ಎಂಬುದನ್ನು ಆ ಒಂದು ಬೀಸು ತಿಳಿಸಿಕೊಡುತ್ತಿತ್ತು. ಹೆಚ್ಚಿನ ದೇಶಗಳಲ್ಲಿ ಆಟ ಪೆಟ್ಟಿಗೆಯೊಳಗೇ ಬರುತ್ತಿತ್ತು, ಹಾಗಾಗಿ ಅದರ 8.29 ಕೋಟಿ ಪ್ರತಿಗಳ ಲೆಕ್ಕವನ್ನು ಪೂರ್ತಿ ಆಟದ ಖಾತೆಗೆ ಬರೆಯಲಾಗದು. ಜಪಾನಿನಲ್ಲಿ ಅದನ್ನು ಬೇರೆಯಾಗಿ ಮಾರಿದರು. ಅಲ್ಲಿಯೂ ದುಡ್ಡು ಕೊಟ್ಟು ಕೊಂಡವರು 30 ಲಕ್ಷ ದಾಟಿದರು. ಮೊದಲ ಭಾಗದ ಬಲ ಎಂಥದ್ದೆಂಬುದಕ್ಕೆ ನನಗೆ ಈ ಸಾಕ್ಷಿ ಸಾಕು.

2009ರ ಬೇಸಿಗೆಯಲ್ಲಿ ಬಂದ 'ವೀ ಸ್ಪೋರ್ಟ್ಸ್ ರೆಸಾರ್ಟ್' ಆಟವಾಗಿ ಮೊದಲನೆಯದಕ್ಕಿಂತ ಮೇಲು. ಹನ್ನೆರಡು ಕ್ರೀಡೆಗಳು, ಅವನ್ನೆಲ್ಲ ಒಂದು ದ್ವೀಪದ ಮೇಲೆ ಹರಡಿದ ಚೆಂದ, ಕೈಯ ತಿರುವನ್ನು ಹೆಚ್ಚು ನಿಖರವಾಗಿ ಹಿಡಿಯುವ 'ಮೋಷನ್ ಪ್ಲಸ್' ಎಂಬ ಸಣ್ಣ ಜೋಡಣೆ. ಕತ್ತಿವರಸೆಯಲ್ಲಿ ಈ ಜೋಡಣೆಯ ನಿಜವಾದ ಬೆಲೆ ಗೊತ್ತಾಗುತ್ತದೆ: ಎದುರಾಳಿ ಅಡ್ಡ ಹಿಡಿದರೆ ಅಡ್ಡವೇ ಹೊಡೆಯಬೇಕು, ನೇರ ಹಿಡಿದರೆ ನೇರ. ಬಿಲ್ಲುವಿದ್ಯೆಯಲ್ಲಿ ಹೆದೆ ಎಳೆದು ನಿಂತಾಗ ಉಸಿರು ಬಿಗಿಯುತ್ತದೆ. ಮೊದಲ ಭಾಗದ ಟೆನಿಸ್ಸಿನಲ್ಲಿ ಮಣಿಕಟ್ಟು ಸ್ವಲ್ಪ ಅಲುಗಿಸಿದರೂ ಅಂಕ ಸಿಗುತ್ತಿದ್ದ ಸಡಿಲು ಇಲ್ಲಿ ಇಲ್ಲ. ಸೈಕಲ್ ಆಟ ಮಾತ್ರ ಸಪ್ಪೆ. ವಿಜಯಪುರ ಜಿಲ್ಲೆಯವರಾದ ನಾವು ಸೈಕಲ್ ಸವಾರರಿಗೆ ಹೆಸರಾದ ನಾಡಿನವರು; ಕಾಲಿಗೆ ಕೆಲಸವಿಲ್ಲದೆ ಎರಡು ಕೈಗಳನ್ನು ಮೇಲೆ ಕೆಳಗೆ ಆಡಿಸಿದರೆ ಗಾಲಿ ಓಡುವ ಸವಾರಿಯನ್ನು ನಾವು ಮೆಚ್ಚುವುದು ಕಷ್ಟ.

ಇಷ್ಟು ಒಳ್ಳೆಯ ಎರಡನೇ ಭಾಗ 3.31 ಕೋಟಿ ಪ್ರತಿ ಮಾರಾಟವಾಯಿತು. ಕನ್ಸೋಲ್? 2009ರ ಮಾರ್ಚಿಗೆ ಮುಗಿದ ಹಣಕಾಸು ವರ್ಷದಲ್ಲಿ ಸುಮಾರು 2.59 ಕೋಟಿ ವೀ ಮಾರಾಟವಾಗಿದ್ದವು. ರೆಸಾರ್ಟ್ ಬಂದ ಹಣಕಾಸು ವರ್ಷದಲ್ಲಿ ಅದು 2.05 ಕೋಟಿಗೆ ಇಳಿಯಿತು, ಅದರಾಚೆಯ ವರ್ಷ 1.5 ಕೋಟಿಗೆ. 2009ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಮಾರಾಟ ಜೋರಾದದ್ದು ನಿಜ. ಆದರೆ ಅದಕ್ಕೆ ಎರಡೂವರೆ ತಿಂಗಳ ಮೊದಲು ಬೆಲೆ 250 ಡಾಲರಿನಿಂದ 200ಕ್ಕೆ ಇಳಿದಿತ್ತು, ಕ್ರಿಸ್‌ಮಸ್ ಕೂಡ ಎದುರಿಗಿತ್ತು. ರೆಸಾರ್ಟ್ ಇಲ್ಲದಿದ್ದರೆ ಇಳಿತ ಇನ್ನೂ ಕಡಿದಾಗುತ್ತಿತ್ತೇನೋ, ಅಷ್ಟು ಶ್ರೇಯಸ್ಸನ್ನು ಅದಕ್ಕೆ ಕೊಡೋಣ. ಅದನ್ನು ಕೊಂಡವರಲ್ಲಿ ಬಹುಪಾಲು ಜನರ ಮನೆಯಲ್ಲಿ ವೀ ಆಗಲೇ ಇತ್ತೆಂದು ಈ ಅಂಕಿಗಳಿಂದ ನಾನು ತಿಳಿಯುತ್ತೇನೆ.

ಮೈಕ್ರೋಸಾಫ್ಟ್ ಕತೆ ಇನ್ನೂ ಸ್ಪಷ್ಟ. 2010ರಲ್ಲಿ ಕೈಯಲ್ಲಿ ಏನೂ ಹಿಡಿಯದೆ ಮೈಯಿಂದಲೇ ಆಡುವ ಕಿನೆಕ್ಟ್ ಬಂದಾಗ 'ಕಿನೆಕ್ಟ್ ಸ್ಪೋರ್ಟ್ಸ್' ಕೂಡ ಅದೇ ಹೊತ್ತಿಗೆ ಮಾರುಕಟ್ಟೆಗೆ ಬಂತು. ಮೊದಲ 60 ದಿನದಲ್ಲಿ 80 ಲಕ್ಷ ಕಿನೆಕ್ಟ್ ಮಾರಾಟವಾದವು. ಅದೇ ಸಾಲಿನ 'ಕಿನೆಕ್ಟ್ ಸ್ಪೋರ್ಟ್ಸ್ ರೈವಲ್ಸ್' 2014ರ ಏಪ್ರಿಲಿನಲ್ಲಿ ಕಂಪನಿಯ ಕನ್ಸೋಲ್ ಆದ ಎಕ್ಸ್‌ಬಾಕ್ಸ್ ಒನ್‌ಗೆ ಬಂತು. ಮರುತಿಂಗಳೇ ಕಂಪನಿ ಕಿನೆಕ್ಟ್ ಇಲ್ಲದ, 100 ಡಾಲರ್ ಅಗ್ಗದ ಎಕ್ಸ್‌ಬಾಕ್ಸ್ ಘೋಷಿಸಿತು. ಜೂನಿನಲ್ಲಿ ಅಮೆರಿಕದ ಮಾರಾಟ ಮೇ ತಿಂಗಳ ಇಮ್ಮಡಿ ಮೀರಿತೆಂದು ಕಂಪನಿಯೇ ಹೇಳಿತು. ಮುಂದಿನ ಭಾಗದ ಆಟದಿಂದ ಆಗದ್ದು, ಆ ಆಟಕ್ಕೆ ಬೇಕಾದ ಸಾಧನವನ್ನೇ ತೆಗೆದುಹಾಕಿ ಬೆಲೆ ಇಳಿಸಿದಾಗ ಆಯಿತು. ಇನ್ನು ನಿಂಟೆಂಡೊದ ಮುಂದಿನ ಕನ್ಸೋಲ್ ವೀ ಯುಗೆ ಬಂದ 'ವೀ ಸ್ಪೋರ್ಟ್ಸ್ ಕ್ಲಬ್' ಆ ಯಂತ್ರವನ್ನು ಉಳಿಸಲಿಲ್ಲ. ವೀ ಯು ಒಟ್ಟು 1.35 ಕೋಟಿಗೇ ನಿಂತಿತು, ವೀ ಆದರೋ 10 ಕೋಟಿ ದಾಟಿತ್ತು.

2022ರ ಏಪ್ರಿಲಿನಲ್ಲಿ ಬಂದ 'ನಿಂಟೆಂಡೊ ಸ್ವಿಚ್ ಸ್ಪೋರ್ಟ್ಸ್' ನನಗೆ ಹೆಚ್ಚು ಬೇಸರ ತಂದ ಕೃತಿ. ಬಂದಾಗ ಆರೇ ಕ್ರೀಡೆ. ಗಾಲ್ಫ್ ಸೇರಲು ಅದೇ ವರ್ಷದ ನವೆಂಬರ್ ಆಗಬೇಕಾಯಿತು, ಬಾಸ್ಕೆಟ್‌ಬಾಲ್ ಸೇರಲು 2024. ಬ್ಯಾಡ್ಮಿಂಟನ್ ಹಿತವಾಗಿದೆ, ವಾಲಿಬಾಲ್ ಜೊತೆಗಾರರ ಹೊಂದಾಣಿಕೆ ಬೇಡುವ ಒಳ್ಳೆಯ ಆಟ. ಆದರೆ ಹೊಸ ಬಟ್ಟೆ, ಹೊಸ ಬ್ಯಾಟು ಎಂದು ಆಟಗಾರನನ್ನು ಹಿಡಿದಿಡುವ ಬಹುಮಾನಗಳನ್ನು ಇಂಟರ್‌ನೆಟ್ಟಿನಲ್ಲಿ ಅಪರಿಚಿತರೊಡನೆ ಆಡುವುದಕ್ಕೇ ಕಟ್ಟಿಹಾಕಿದರು. ಮನೆಮಂದಿ ಕೂಡಿ ಆಡುವ ಸುಖದಿಂದ ಹೆಸರಾದ ಸಾಲಿಗೆ ಇದು ದ್ರೋಹ. ಆಟ ಕೋಟಿ ದಾಟಿ ಮಾರಾಟವಾಯಿತು. ಅದು ಬಂದ ವರ್ಷ ಸ್ವಿಚ್ ಕನ್ಸೋಲಿನ ಮಾರಾಟ ಮಾತ್ರ 2.3 ಕೋಟಿಯಿಂದ 1.8 ಕೋಟಿಗೆ ಇಳಿಯಿತು. ಆಗ ಚಿಪ್‌ಗಳ ಕೊರತೆಯೂ ಇತ್ತು, ಸ್ವಿಚ್ಚಿಗೆ ವಯಸ್ಸೂ ಆಗಿತ್ತು ಎನ್ನಬೇಕು.

ಈ ವಾದವನ್ನು ಇಂಡಿ ತಾಲ್ಲೂಕಿನ ಸಾಲೋಟಗಿಯಂಥ ಊರಿಗೆ ತಂದು ನೋಡೋಣ. ಇಲ್ಲಿನ ಮನೆಯಲ್ಲಿ ದೊಡ್ಡ ಖರ್ಚಿಗೆ ಒಂದು ಸರದಿ ಇರುತ್ತದೆ. ತೊಗರಿ, ನಿಂಬೆಯ ದುಡ್ಡು ಕೈಗೆ ಬಂದರೆ ಸಾಲ, ಬೀಜ ಗೊಬ್ಬರ, ಮಕ್ಕಳ ಫೀ, ಮದುವೆ. ಆಮೇಲೆ ಗಾಡಿ, ಟಿ.ವಿ., ಫೋನು. ಪ್ಲೇಸ್ಟೇಷನ್ 5 ಭಾರತಕ್ಕೆ 2021ರ ಫೆಬ್ರುವರಿಯಲ್ಲಿ ಬಂದಾಗ ಅದರ ಬೆಲೆ 49,990 ರೂಪಾಯಿ. ಯಾವ ಕ್ರಿಕೆಟ್ ಆಟದ ಎರಡನೇ ಭಾಗ ಆ ಸರದಿಯನ್ನು ಮುರಿದೀತು? ಹಾಗೆಂದು ಹಳ್ಳಿಯವರಿಗೆ ವಿಡಿಯೋ ಗೇಮ್ ಬೇಡವಾಗಿತ್ತು ಎಂದಲ್ಲ. ನಿಂಟೆಂಡೊದ 1983ರ ಯಂತ್ರದ ಅಗ್ಗದ ನಕಲುಗಳು, ಕ್ಯಾಸೆಟ್ ಹಾಕಿ ಆಡುವ 'ಟಿ.ವಿ. ಗೇಮ್'ಗಳು, ತೊಂಬತ್ತರ ದಶಕದ ಕೊನೆಗೂ ಆಮೇಲೂ ಪೇಟೆಯಲ್ಲಿ ಸಿಗುತ್ತಿದ್ದವು. ಮಾರಿಯೊ, ಕಾಂಟ್ರಾ ನಮ್ಮ ಕಡೆಯ ಮಕ್ಕಳಿಗೆ ಗೊತ್ತಾದದ್ದು ಹಾಗೆ. ಕೈಗೆಟುಕುವ ಬೆಲೆ, ಒಂದೇ ಕ್ಯಾಸೆಟ್ಟಿನಲ್ಲಿ ಹಲವು ಆಟ, ಅಣ್ಣ ತಮ್ಮ ಇಬ್ಬರಿಗೂ ಒಂದೊಂದು ರಿಮೋಟ್. ಕೊಳ್ಳುವವರಿಗೆ ಬೇಕಾದದ್ದು ಅದರಲ್ಲಿತ್ತು.

ಸೋನಿಯ ಬೀದಿ ಕ್ರಿಕೆಟ್ಟಿನ ಮೇಲೆ ನನ್ನ ತಕರಾರು ಇರುವುದು ಇಲ್ಲಿ. ವಿಷಯ ಸರಿಯಾಗಿತ್ತು, ವೇಳೆ ತಪ್ಪಿತ್ತು. ಎರಡನೇ ಭಾಗ ಬಂದದ್ದು 2012ರಲ್ಲಿ. 2013ರ ಆರಂಭಕ್ಕೆ ಪ್ಲೇಸ್ಟೇಷನ್ 2ರ ತಯಾರಿಕೆಯೇ ನಿಂತಿತು. 2016ರಲ್ಲಿ ಜಿಯೋ ಇಂಟರ್‌ನೆಟ್ ಬಂದ ಮೇಲೆ ಚೆನ್ನೈಯ ನೆಕ್ಸ್ಟ್‌ವೇವ್ ಸಂಸ್ಥೆಯ 'ವರ್ಲ್ಡ್ ಕ್ರಿಕೆಟ್ ಚಾಂಪಿಯನ್‌ಶಿಪ್' ಆಟಗಳು ಪುಕ್ಕಟೆಯಾಗಿ ಫೋನಿಗೆ ಇಳಿದವು. ಅಲ್ಲಿ ಎರಡನೇ ಭಾಗ, ಮೂರನೇ ಭಾಗಗಳಿಗೆ ಜನ ಸಿಕ್ಕರು, ಯಾಕೆಂದರೆ ಯಂತ್ರ ಆಗಲೇ ಕಿಸೆಯಲ್ಲಿತ್ತು. ಫೋನಿನಲ್ಲಿ ಕಳೆದುಹೋದದ್ದೂ ಒಂದಿದೆ: ನಾಲ್ಕು ಮಂದಿ ಒಂದೇ ಪರದೆಯ ಮುಂದೆ ಕೈ ಬೀಸಿ ಕೂಗಾಡುವ ಆಟ. ಅದು ನಮ್ಮ ಮಕ್ಕಳಿಗೆ ಇನ್ನೂ ಸಿಗಬೇಕಾಗಿದೆ. ಬೆಂಗಳೂರಿನ ಗೇಮ್ ತಯಾರಕರು ಕಬಡ್ಡಿಯನ್ನೋ ಲಗೋರಿಯನ್ನೋ ಮನೆಯ ಟಿ.ವಿ.ಯಲ್ಲಿ, ಮನೆಯಲ್ಲಿರುವ ಫೋನನ್ನೇ ರಿಮೋಟ್ ಮಾಡಿಕೊಂಡು ಆಡುವಂತೆ ರೂಪಿಸಿದರೆ ಕನ್ಸೋಲ್ ಮಾರುವ ಗೋಜೇ ಇರುವುದಿಲ್ಲ.

ಕೊಳ್ಳುವವರಿಗೆ ನನ್ನ ಮಾತು ಇಷ್ಟು. ಹಳೆಯ ವೀ ಮನೆಯಲ್ಲಿದ್ದರೆ 'ರೆಸಾರ್ಟ್' ಹುಡುಕಿ ತನ್ನಿ, ಕತ್ತಿವರಸೆಯೊಂದಕ್ಕೇ ಅದರ ದುಡ್ಡು ವಸೂಲು. ಸ್ವಿಚ್ ಇದ್ದರೆ 'ಸ್ವಿಚ್ ಸ್ಪೋರ್ಟ್ಸ್' ರಜೆಯ ಒಂದೆರಡು ವಾರಕ್ಕೆ ಸಾಕು. ಕನ್ಸೋಲೇ ಇಲ್ಲದಿದ್ದರೆ, ಈ ಆಟಗಳ ಸಲುವಾಗಿ ಹೊಸ ಯಂತ್ರ ಕೊಳ್ಳಬೇಡಿ.