ಬೇಟೆಯ ಕಾವ್ಯವೂ ಎರಿಯ ಹಕ್ಕಿಯೂ

ಅಮೇರಿಕದ ಬೇಟೆ ಸಾಹಿತ್ಯದಲ್ಲಿ ವಸಂತಕಾಲದ ಕಾಡು ಟರ್ಕಿಕೋಳಿಗೆ ಪ್ರತ್ಯೇಕವಾದ ಸ್ಥಾನವುಂಟು. ಆ ಬರಹಗಳ ಸ್ವಾರಸ್ಯ ಕೋವಿಯ ಸದ್ದಿನಲ್ಲಿಲ್ಲ, ಕಾಯುವದರಲ್ಲಿದೆ. ಚಳಿಗಾಲವಿಡೀ ಬೇಟೆಗಾರನು ಹೇಂಟೆಯ ಕೂಗನ್ನು ಅಭ್ಯಾಸಮಾಡುತ್ತಾನೆ. ವಸಂತ ಬಂದಾಗ ನಸುಕಿನಲ್ಲಿ ಮರಕ್ಕೆ ಬೆನ್ನುಗೊಟ್ಟು ಕೂತು ಆ ಕೂಗು ಹಾಕುತ್ತಾನೆ. ಗಂಡುಹಕ್ಕಿ ಬಾಲವನ್ನು ಬೀಸಣಿಕೆಯಂತೆ ಬಿಚ್ಚಿ ತಾನಾಗಿಯೇ ನಡೆದು ಬರುತ್ತದೆ. ಪ್ರಣಯವೇ ಇಲ್ಲಿ ಬಲೆ. ಕನ್ನಡದಲ್ಲಿ ಬೇಟವೆಂದರೆ ಒಲವು, ಬೇಟೆಯೆಂದರೆ ಕೊಲೆ. ಎರಡರ ಮೂಲ ಒಂದೋ ಅಲ್ಲವೋ ಪಂಡಿತರು ನಿರ್ಣಯಿಸಲಿ. ಈ ಹಕ್ಕಿಯ ಪಾಲಿಗಂತೂ ಅವೆರಡೂ ಒಂದೇ.

ಇದನ್ನು ಓದುವಾಗ ನಮ್ಮ ಕವಿಗಳು ಬೇಟೆಯನ್ನು ಹೇಗೆ ಕಂಡರೆಂಬ ವಿಚಾರ ನನ್ನಲ್ಲಿ ಮೂಡಿತು. ಪಂಪನ ಭಾರತದಲ್ಲಿ ಬೇಟೆಯ ವರ್ಣನೆಯಿದೆ. ರಾಘವಾಂಕನ ಹರಿಶ್ಚಂದ್ರನು ಬೇಟೆಯ ಹಾದಿಯಲ್ಲಿಯೇ ವಿಶ್ವಾಮಿತ್ರನ ಆಶ್ರಮವನ್ನು ತಲುಪುತ್ತಾನೆ. ಅಲ್ಲೆಲ್ಲ ಹಂದಿಯ ರೋಷ, ನಾಯಿಗಳ ಬೊಗಳು, ಬಲೆಗಾರರ ಗದ್ದಲ. ಹೊಸ ಕಾಲದಲ್ಲಿ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ (1936) ಮಲೆನಾಡಿನ ಬೇಟೆಯನ್ನು ಜೀವಂತವಾಗಿ ಕೊಟ್ಟಿತು. ಎಲ್ಲವೂ ಸೊಗಸೇ. ಆದರೆ ಎಲ್ಲವೂ ಅಡವಿಯ ಬೇಟೆ. ಅಡವಿಯಿಲ್ಲದ ಸೀಮೆಯ ಬೇಟೆ ಎಲ್ಲಿ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನು ಬಲ್ಲವರಿಗೆ ಈ ಪ್ರಶ್ನೆಯ ಬಿಸಿ ತಾಗದೆ ಇರದು. ಅತ್ತ ಭೀಮೆ, ಇತ್ತ ಕೃಷ್ಣೆ, ನಡುವೆ ಡೋಣಿ. ಉಳಿದುದೆಲ್ಲ ಕರಿಯ ಎರಿ, ಮೇಲೆ ಆಕಾಶ. ಅಡಗಲು ಮರವಿಲ್ಲದ ಇಂಥ ನೆಲದಲ್ಲಿ ಬೇಟೆಗಾರನೂ ಬಯಲು, ಬೇಟೆಯೂ ಬಯಲು. ಇಂಥ ಬಯಲುಸೀಮೆಯ ದೊಡ್ಡ ಹಕ್ಕಿ ಎರೆಭೂತ: ಸುಮಾರು ಒಂದು ಮೀಟರು ಎತ್ತರ, ಗಂಡಿನ ತೂಕ 15 ಕಿಲೋವರೆಗೆ. ಕೂಡುವ ಕಾಲಕ್ಕೆ ಗಂಡು ಕೊರಳಚೀಲವನ್ನು ಉಬ್ಬಿಸಿ ದೂರಕ್ಕೆ ಕೇಳುವಂತೆ ಗುಮ್ಮೆನ್ನುತ್ತದೆ. ಎರಿಯಲ್ಲಿ ಕಂಡು ಎರಿಯಲ್ಲಿಯೇ ಮಾಯವಾಗುವದನ್ನು ಭೂತವೆಂದ ಆ ಅನಾಮಧೇಯ ಒಕ್ಕಲಿಗನು ಒಂದೇ ಮಾತಿನಲ್ಲಿ ಕವಿತೆ ಬರೆದನೆಂದು ನಾನು ಎಣಿಸುತ್ತೇನೆ. ನಮ್ಮ ಕವಿಗಳು ಅದಕ್ಕೆ ಎರಡನೆಯ ಸಾಲು ಸೇರಿಸಿದ್ದು ಕಾಣೆ.

ಟರ್ಕಿ ಬೇಟೆಗೆ ಹತ್ತಿರವಾದ ವಿದ್ಯೆ ನಮ್ಮಲ್ಲಿಯೂ ಇತ್ತು. ಸಾಕಿದ ಕೌಜುಗವನ್ನು ಪಂಜರದಲ್ಲಿಟ್ಟು, ಸುತ್ತ ಉರುಳು ಹಾಸಿ ಕೂಗಿಸುತ್ತಿದ್ದರು. ತನ್ನ ಗಡಿಯಲ್ಲಿ ಎದುರಾಳಿ ಬಂದನೆಂದು ಕಾಡಿನ ಗಂಡು ಕಾಳಗಕ್ಕೆ ಓಡಿ ಬರುತ್ತಿತ್ತು. ಇಂಥ ಪ್ರಾಣಿಗೆ ಹಳಗನ್ನಡದಲ್ಲಿ ದೀವವೆಂಬ ಹೆಸರೇ ಉಂಟು. ಟರ್ಕಿಯನ್ನು ಕೊಲ್ಲುವದು ಶೃಂಗಾರ, ಕೌಜುಗವನ್ನು ಕೊಲ್ಲುವದು ವೀರ. ರಸಶಾಸ್ತ್ರವನ್ನು ಓದದ ಬೇಟೆಗಾರರು ರಸವನ್ನೇ ಆಯುಧ ಮಾಡಿಕೊಂಡಿದ್ದರು. ಇದಕ್ಕಿಂತ ಹೆಚ್ಚಿನ ಕಾವ್ಯಸಾಮಗ್ರಿ ಯಾವುದು?

ಬರೆದವರು ಯಾರು? ಆಂಗ್ಲ ಶಿಕಾರಿಗಳು ಬರೆದರು. ಅನೇಕರ ಪುಟಗಳಲ್ಲಿ ಹಕ್ಕಿ ಕಾಣುವದಿಲ್ಲ, ಹೊಡೆದ ಲೆಕ್ಕ ಕಾಣುತ್ತದೆ. ಹಕ್ಕಿಯ ನಡೆ-ನುಡಿ ಬಲ್ಲ ಹರಣಶಿಕಾರಿಗಳಂಥವರನ್ನು 1871ರಲ್ಲಿ ಹುಟ್ಟಿದ ಕಾಯಿದೆ ಹುಟ್ಟು ಅಪರಾಧಿಗಳೆಂದು ಗುರುತಿಸಿತು. 1952ರಲ್ಲಿ ಆ ಕಾಯಿದೆ ರದ್ದಾಯಿತು, ಕಳಂಕ ಅಷ್ಟು ಬೇಗ ಅಳಿಯಲಿಲ್ಲ. ಅಪರಾಧಿಯ ಮಾತನ್ನು ಪೋಲೀಸರು ಬರೆದುಕೊಂಡಾರು, ಸಾಹಿತಿ ಬರೆದುಕೊಳ್ಳಲಿಲ್ಲ. ಅಂದಿನ ಇಂಡಿ ತಾಲೂಕಿನ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ (1931) ಸಂಗ್ರಹಿಸಿ ಬೀಸುಕಲ್ಲಿನ ಮುಂದೆ ಕಾವ್ಯವಿದೆಯೆಂದು ತೋರಿಸಿದರು. ಉರುಳಿನ ಮುಂದೆಯೂ ಇದ್ದೀತೆಂದು ಅವರಂತೆ ಹೊರಟವರು ವಿರಳ.

ಬೇಟೆ ಮರಳಿ ಬರಲೆಂದು ನಾನು ಹೇಳುವದಿಲ್ಲ. 1972ರ ವನ್ಯಜೀವಿ ಕಾಯಿದೆ ಅದನ್ನು ನಿಲ್ಲಿಸಿದ್ದು ನ್ಯಾಯವೇ. ಅಮೇರಿಕದಲ್ಲಿ ಅನೇಕ ರಾಜ್ಯಗಳಿಂದ ಅಳಿದಿದ್ದ ಟರ್ಕಿಯನ್ನು ಹಿಡಿದು ತಂದು ಬಿಟ್ಟು ಬೆಳೆಸಿದರು. 1937ರ ಕಾನೂನಿನಂತೆ ಕೋವಿ-ಮದ್ದುಗುಂಡಿನ ತೆರಿಗೆಯೇ ಅದಕ್ಕೆ ನೆರವಾಯಿತು. ಅದು ಒಮ್ಮೆಗೆ ಹತ್ತು-ಹನ್ನೆರಡು ತತ್ತಿ ಇಡುವ ಹಕ್ಕಿ. ಎರೆಭೂತ ಇಡುವದು ಸಾಮಾನ್ಯವಾಗಿ ಒಂದೇ ತತ್ತಿ, ಅದೂ ಬರಿ ನೆಲದ ಮೇಲೆ. ಬೀಳುನೆಲ ಸಾಗುವಳಿಗೆ ಬಂದಿತು, ಕಾಲುವೆ ಬಂದಿತು, ಕಬ್ಬು ಬಂದಿತು. ಒಕ್ಕಲಿಗನ ಹೊಟ್ಟೆಯನ್ನು ಬೈಯುವ ಅಧಿಕಾರ ನನಗಿಲ್ಲ. ಈಗ ಕರ್ನಾಟಕದಲ್ಲಿ ಈ ಹಕ್ಕಿ ಬಳ್ಳಾರಿಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ.

ಅಮೇರಿಕದ ಲೇಖಕನು ಮುಂದಿನ ವಸಂತವನ್ನು ನೆನೆದು ಬರೆಯುತ್ತಾನೆ, ಏಕೆಂದರೆ ಹಕ್ಕಿ ಬರುವದೆಂಬ ನಂಬಿಗೆ ಅವನಿಗಿದೆ. ಆ ನಂಬಿಗೆಯಿಲ್ಲದ ಸೀಮೆಯ ಲೇಖಕನ ಕೆಲಸ ಬೇರೆ: ಕೂಗನ್ನು ಬಲ್ಲ ಮುದುಕರು ಇರುವಾಗಲೇ ಅವರ ಮುಂದೆ ಹೋಗಿ ಕೂಡಬೇಕು, ಹಕ್ಕಿಗೊಂದು ಹುಲ್ಲುಗಾವಲು ಉಳಿಯಲೆಂದು ದನಿಯೆತ್ತಬೇಕು. ಎರಡನ್ನೂ ಬಿಟ್ಟರೆ ಎರೆಭೂತವೆಂಬುದು ನಮ್ಮ ಮಕ್ಕಳಿಗೆ ಬರಿಯ ದೆವ್ವದ ಹೆಸರಾಗಿ ಉಳಿದೀತು.